ಹಾರಿಸಿ ಓದಿದ ಸಾಲು

ದೊರೆಯನ್ನು ನನ್ನ ಕೈಯಿಂದ ಬಿಡಿಸಲು ನಾಲ್ಕು ದಿನ ಸಾಕು ಎಂದು ನನ್ನ ತಮ್ಮ ಅಂದಾಜು ಮಾಡಿದ್ದ. ಬೆಟ್ಟಗಳ ನಡುವಿನ ಸರೋವರದ ದಂಡೆಯಲ್ಲಿ, ನನ್ನ ಕಣ್ಣೆದುರಿಗೇ, ಆ ನಾಯಿಯ ಒಂದೊಂದು ಕೆಲಸ ದಿನಕ್ಕೊಂದರಂತೆ ನನ್ನಿಂದ ಕಳಚಿಕೊಂಡು ಬೇರೊಬ್ಬರ ಕೈ ಸೇರಿತು. ನಾನು ಅದನ್ನು ಉಪಚಾರ ಎಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಇಂಥ ತಮ್ಮನನ್ನು ಕೊಟ್ಟೆಯಲ್ಲಪ್ಪಾ ಎಂದು ಬೆಳಗಿನ ಪ್ರಾರ್ಥನೆಯಲ್ಲಿ ದೇವರಿಗೆ ಇನ್ನೊಂದು ಸಲ ಹೆಚ್ಚಾಗಿಯೇ ಕೈಮುಗಿದೆ.

ನನ್ನ ಕೆಲಸವೇ ಕೇಳುವುದು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಸಂಸ್ಥೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಓದುವವರು ಬೇರೆ. ಅವರು ಓದಿ ಹೋದ ಮೇಲೆ ಅದನ್ನು ಕಿವಿಗೆ ಹಾಕಿಕೊಂಡು, ಎದುರಿಗೆ ಪುಸ್ತಕ ತೆರೆದಿಟ್ಟು, ಸಾಲಿಗೆ ಸಾಲು ತಾಳೆ ನೋಡುವವಳು ನಾನು. ಉಸಿರು ಕೇಳಿಸಿದಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗೀಟು, ಮಾತು ತಪ್ಪಿದಲ್ಲಿ ಅಡ್ಡಗೆರೆ, ಸಾಲೇ ಹಾರಿದ್ದರೆ ಅಂಚಿನಲ್ಲಿ ಒಂದು ಸೊನ್ನೆ. ಸಾಲು ಹಾರಿಸಿದವರು ತಮಗೇ ತಿಳಿಯದಂತೆ ಮುಂದಿನ ಸಾಲನ್ನು ಕೊಂಚ ಅವಸರದಲ್ಲಿ ಓದುತ್ತಾರೆ. ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಹೆಜ್ಜೆ ಹಾಕುವವರ ಹಾಗೆ. ಅಷ್ಟು ಸಾಕು ನನಗೆ, ಪುಸ್ತಕ ನೋಡುವುದೇ ಬೇಡ. ಸಂಸ್ಥೆಯಲ್ಲಿ ನನ್ನನ್ನು ಬೆನ್ನ ಹಿಂದೆ ಸೊನ್ನೆಯಮ್ಮ ಎನ್ನುತ್ತಾರೆ. ಅದೂ ನನಗೆ ಕೇಳಿಸುತ್ತದೆ.

ಈ ಕಿವಿ ಕೊಟ್ಟದ್ದು ಅಪ್ಪ. ರೈಲಿನವರಿಗೆ ಸಿಗ್ನಲ್ಲಿನ ಕೈಕಂಬ ಎತ್ತಿ ಇಳಿಸುವ ಕೆಲಸ ಅಪ್ಪನದು. ಮನೆಗೆ ಬಂದು ಕೈಕಾಲು ತೊಳೆದು ಕೂತರೆ ಬಾಯಿಪಾಠದ ಪದ್ಯಗಳು ಒಂದರ ಹಿಂದೊಂದು ಬರುತ್ತಿದ್ದವು. ಎಲ್ಲ ಆರು ಸಾಲಿನವು. ಮೂರನೆಯ ಸಾಲಿನಲ್ಲಿ ಅಪ್ಪ ಉಸಿರು ಎಳೆಯುತ್ತಿದ್ದರು. ಆರನೆಯ ಸಾಲಿನಲ್ಲಿ ಅದನ್ನೆಲ್ಲ ಬಿಡುತ್ತಿದ್ದರು. ನಾನು ತುಟಿ ಬಿಚ್ಚದೆ ಕೇಳುತ್ತಿದ್ದೆ. ತಮ್ಮ ಹಾಗಲ್ಲ. ಅವನು ಎಲ್ಲೇ ಇರಲಿ, ಆರನೆಯ ಸಾಲಿಗೆ ದನಿ ಸೇರಿಸಲೇಬೇಕು. ಬಚ್ಚಲಲ್ಲಿದ್ದರೆ ಬಚ್ಚಲಿನಿಂದಲೇ, ಮೈತುಂಬ ಸೋಪಿನ ನೊರೆ ಇಟ್ಟುಕೊಂಡೇ ಕೂಗುತ್ತಿದ್ದ. ಅಪ್ಪ ಗದರುತ್ತಿದ್ದರು, ಆದರೆ ಅವನ ದನಿ ಬರಲಿಲ್ಲವೆಂದರೆ ಮುಂದಿನ ಪದ್ಯಕ್ಕೆ ಹೋಗುತ್ತಿರಲಿಲ್ಲ.

ದೊರೆ ಬಂದದ್ದು ಒಂಬತ್ತು ವರ್ಷದ ಹಿಂದೆ. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡೇ ಇರುವುದು, ನಡಿಗೆಯಲ್ಲಿ ಯಾರಿಗೂ ಜಾಗ ಬಿಡದ ಠೀವಿ. ಅದಕ್ಕೇ ಆ ಹೆಸರು. ಅಪ್ಪ ನಿವೃತ್ತರಾಗಿದ್ದರು. ಸಂಜೆ ಪದ್ಯ ಹೇಳುವಾಗ ಪಕ್ಕದಲ್ಲೇ ಅದರ ಬಟ್ಟಲು ಇರುತ್ತಿತ್ತು. ಹೇಳುವವರ ಮಧ್ಯೆ ಬಾಯಿ ಚಪ್ಪರಿಸಬಾರದು ಎಂದು ಅಪ್ಪ ಕಲಿಸಿದರೋ, ತಾನೇ ಕಲಿಯಿತೋ, ಆರನೆಯ ಸಾಲು ಮುಗಿಯುವವರೆಗೆ ಆ ನಾಯಿ ಬಟ್ಟಲಿಗೆ ಬಾಯಿ ಹಾಕುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಮೂರು ದಿನ ಒಂದಗುಳು ಮುಟ್ಟಲಿಲ್ಲ. ಎಲ್ಲರೂ ದುಃಖ ಎಂದರು. ನಾಲ್ಕನೆಯ ದಿನ ನಾನು ನನ್ನ ಕೋಣೆಯ ಬಾಗಿಲು ಹಾಕಿಕೊಂಡು, ಹುಟ್ಟಿದಾಗಿನಿಂದ ನಾಲ್ಕು ಜನರ ಮುಂದೆ ಎತ್ತದ ದನಿ ಎತ್ತಿ, ಒಂದು ಪದ್ಯ ಹೇಳಿದೆ. ಮುಗಿದ ಕೂಡಲೇ ಬಟ್ಟಲು ಖಾಲಿ.

ಅಲ್ಲಿಂದ ಒಂದೂವರೆ ವರ್ಷ ಪ್ರತಿ ಸಂಜೆ ಹೀಗೇ ನಡೆಯಿತು. ಅಕ್ಕ ಒಳಗೆ ಅಪ್ಪನ ಪದ್ಯ ಹೇಳಿಕೊಂಡು ಪ್ರಾರ್ಥನೆ ಮಾಡುತ್ತಾಳೆ ಎಂದೇ ತಮ್ಮ ತಿಳಿದಿದ್ದ. ಅವನದು ಕನ್ನಡಕದ ಅಂಗಡಿ. ಅಪ್ಪ ಇದ್ದಾಗ ಆ ಹೊತ್ತಿಗೆ ಅವನು ಮನೆಯಲ್ಲಿ ಇರುತ್ತಿರಲಿಲ್ಲ, ಬಟ್ಟಲಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಈಗೀಗ ಬೇಗ ಬಾಗಿಲು ಹಾಕಿ ಬರುತ್ತಿದ್ದ. ಗೋಡೆಯಾಚೆ ಏನೋ ಮಾಡುತ್ತಾ, ಆರನೆಯ ಸಾಲಿಗೆ ಮಾತ್ರ ದನಿ ಕೂಡಿಸುತ್ತಿದ್ದ. ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ. ಇಡೀ ದಿನದಲ್ಲಿ ನನಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಬೇಗ ಬರುತ್ತಿದ್ದುದಕ್ಕೆ ಕಾರಣ ಅವನ ಹೆಂಡತಿ. ಏಳು ತಿಂಗಳಾಗಿತ್ತು ಅವಳಿಗೆ. ಚಿಕ್ಕಂದಿನಲ್ಲಿ ಯಾವುದೋ ನಾಯಿ ಕಚ್ಚಿ ಮೊಣಕಾಲಿಗೆ ಹೊಲಿಗೆ ಹಾಕಿಸಿಕೊಂಡವಳು. ದೊರೆ ಮೊಗಸಾಲೆಗೆ ಬಂದರೆ ಅವಳು ಅಡುಗೆಮನೆಗೆ ಸರಿಯುವಳು. ಎಂದೂ ಬಾಯಿಬಿಟ್ಟು ಏನೂ ಅಂದವಳಲ್ಲ.

ಒಂದು ರಾತ್ರಿ ಊಟದ ಹೊತ್ತಿಗೆ ತಮ್ಮ ಮೊಬೈಲು ಹಿಡಿದು ಕೂತ. “ಅಕ್ಕಾ, ನಾಲ್ಕು ದಿನ ಎಲ್ಲಾದ್ರೂ ಹೋಗಿ ಬರೋಣ. ಪಾಪು ಬಂದ ಮೇಲೆ ಇನ್ನೆಲ್ಲಿ ಆಗತ್ತೆ?”

“ದೊರೆ?”

“ಅಯ್ಯೋ, ದೊರೆಗಳನ್ನ ಬಿಟ್ಟು ಹೊರಡೋಕಾಗತ್ತಾ! ಅವರಿಗೋಸ್ಕರಾನೇ ಹುಡುಕಿದ್ದು. ಕೇಳು,” ಎಂದು ಓದತೊಡಗಿದ. “ಸರೋವರಕ್ಕೆ ಮುಖಮಾಡಿದ ಮೂರು ಕೋಣೆಗಳು. ನಾಯಿಯೊಂದಿಗೆ ಬರುವವರಿಗೆ ಆದರದ ಸ್ವಾಗತ. ನಾಯಿ ಈಜಲು ಪ್ರತ್ಯೇಕ ದಂಡೆ. ಸುತ್ತಲಿನ ಊರುಗಳನ್ನು ನೋಡಿ ಬರುವಾಗ ನಿಮ್ಮ ನಾಯಿಯನ್ನು ನಾವು ನೋಡಿಕೊಳ್ಳುತ್ತೇವೆ.”

ಕೊನೆಯ ಸಾಲನ್ನು ಅವನು ಅವಸರದಲ್ಲಿ ಓದಿದ.

ನನ್ನ ಬೆರಳು ತಾನಾಗಿ ಪೆನ್ಸಿಲ್ಲಿಗೆ ತಡಕಾಡಿ ಚಮಚ ಹಿಡಿಯಿತು. ನಡುವೆ ಒಂದು ಸಾಲು ಹಾರಿದೆ, ಇಲ್ಲವೇ ಎರಡು. ಬಾಡಿಗೆ ಎಷ್ಟೆಂದು ನನಗೆ ತಿಳಿಯಬಾರದೆಂದು ನುಂಗಿರಬೇಕು, ನಾನು ಬೇಡ ಎಂದುಬಿಡುತ್ತೇನೆಂಬ ಭಯ ಇವನಿಗೆ, ಎಂದುಕೊಂಡು ಮನಸ್ಸಿನಲ್ಲೇ ನಕ್ಕೆ. ಇಪ್ಪತ್ತಾರು ವರ್ಷದಲ್ಲಿ ಸೊನ್ನೆ ಹಾಕದೆ ಬಿಟ್ಟ ಸಾಲು ಅದೊಂದೇ.

ಎರಡು ದಿನ ಬಿಟ್ಟು ಇನ್ನೊಂದು ಮಾತು ತಂದ. “ಅಲ್ಲಿಯವರು ನಾಯಿಯ ಅಭ್ಯಾಸ ಎಲ್ಲಾ ಬರೆದುಕೊಡಿ ಅಂತಾರಕ್ಕಾ. ನಾನು ಬರೆದ್ರೆ ಔಷಧದ ಚೀಟಿ ಅಂದ್ಕೋತಾರೆ. ನಿನ್ನ ಅಕ್ಷರ ಮುತ್ತಿನ ಹಾಗಿದೆ, ನೀನೇ ಬರಿ.”

ಎರಡು ಮಗ್ಗುಲು ತುಂಬ ಬರೆದೆ. ಅನ್ನ ಎಷ್ಟು, ಮೊಟ್ಟೆ ಎಷ್ಟು ಬೇಯಬೇಕು. ಥಂಡಿ ಹಿಡಿದರೆ ಹಿಂದಿನ ಎಡಗಾಲು ಎಳೆಯುತ್ತದೆ. ಛತ್ರಿ ಬಿಚ್ಚಿದರೆ ಬೆಚ್ಚುತ್ತದೆ. ಮಡಚಿದ ಕಿವಿಯ ಬುಡದಲ್ಲಿ ಕೆರೆದರೆ ನಿದ್ದೆ ಹೋಗುತ್ತದೆ. ಪದ್ಯದ ವಿಷಯ ಬರೆಯಲು ಕೈ ಬರಲಿಲ್ಲ. ಯಾರೋ ಗುರುತಿಲ್ಲದವರು ಓದಿ ನಗುವುದು ಬೇಡ. ಹೇಗೂ ನಾನೇ ಅಲ್ಲಿರುತ್ತೇನಲ್ಲ.

ಹೊರಟ ದಿನ ಕಾರಿನ ಮುಂದೆ ಅವರಿಬ್ಬರು, ಹಿಂದೆ ನಾವಿಬ್ಬರು. ದಾರಿಯುದ್ದಕ್ಕೂ ತಮ್ಮನ ಚೇಷ್ಟೆ. “ದೊರೆಗಳಿಗೆ ಗಾಳಿ ಬರ್ತಾ ಇದೆಯಾ? ಪ್ರಜೆಗಳ ಮೇಲೆ ಜೊಲ್ಲು ಸುರಿಸಬಾರದಾಗಿ ವಿನಂತಿ.” ಅವನ ಹೆಂಡತಿ ನಗಲಿಲ್ಲ, ಹೊಟ್ಟೆಯ ಮೇಲೆ ಕೈಯಿಟ್ಟು ಕಿಟಕಿಯಾಚೆ ನೋಡುತ್ತಿದ್ದಳು. ಪ್ರಯಾಣದ ಸುಸ್ತು ಎಂದುಕೊಂಡೆ. ನಾನು ಎಷ್ಟೊಂದು ವಿಷಯಗಳನ್ನು ಏನೇನೋ ಎಂದುಕೊಂಡೆ.

ಕೊನೆಯ ತಿರುವಿನಲ್ಲಿ ಸರೋವರ ಕಂಡಿತು. ಮೂರು ಕಡೆ ಬೆಟ್ಟ, ನಡುವೆ ತೊಳೆದಿಟ್ಟ ಸ್ಲೇಟಿನಂಥ ನೀರು. ದಂಡೆಯಲ್ಲಿ ಮರದ ಮನೆ. ಬಾಗಿಲ ಪಕ್ಕ ನಾಯಿಯ ಹಗ್ಗಗಳಿಗೆಂದೇ ಸಾಲಾಗಿ ಕೊಕ್ಕೆಗಳು, ಕೆಳಗೆ ಒದ್ದೆ ಕಾಲು ಒರೆಸಲು ಹಳೆಯ ಟವೆಲ್ಲಿನ ಬುಟ್ಟಿ, ಕುಡಿಯುವ ನೀರಿಗೆ ಕಲ್ಲಿನ ತೊಟ್ಟಿ. ಒಳಗೆ ಒಲೆಯ ಬಳಿ ಮೂರು ಮುದಿ ನಾಯಿಗಳು ಒಂದರ ಬೆನ್ನಿಗೊಂದು ಒರಗಿ ಮಲಗಿದ್ದವು. ಗೋಡೆಯ ತುಂಬ ನಾಯಿಗಳ ಫೋಟೋ, ಪ್ರತಿಯೊಂದರ ಕೆಳಗೂ ಒಂದು ತಾರೀಖು. ಎಲ್ಲವೂ ಮೂತಿ ನರೆತ ನಾಯಿಗಳೇ. ಅದನ್ನೂ ಗಮನಿಸಿದೆ. 

ಆ ಮನೆಯ ಒಡತಿ ಅರವತ್ತರ ಆಸುಪಾಸಿನವರು. ಮೊಣಕಾಲುದ್ದದ ಬೂಟು, ಕಡಿಮೆ ಮಾತು. ನನ್ನನ್ನು ಕಂಡಾಗ ಅವರ ಮುಖದಲ್ಲಿ ಒಂಥರಾ ಮೃದುತನ ಬಂತು. ಸಾವಿನ ಮನೆಗೆ ಬಂದವರು ಮನೆಯವರನ್ನು ನೋಡುವ ಹಾಗೆ. “ಬನ್ನಿಮ್ಮಾ,” ಎಂದರು, ನನ್ನ ಕೈಯನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹಿಡಿದುಕೊಂಡು.

ಮೊದಲನೆಯ ದಿನ ಬೆಳಿಗ್ಗೆ ಅವರು ಬಂದು ಕೈಚಾಚಿದರು. “ಇವತ್ತಿನ ನಡಿಗೆ ನಂದು.” ಹಗ್ಗ ಕೊಟ್ಟೆ. ತಮ್ಮ ನಮ್ಮನ್ನು ಗಡಿಯಾರದ ಗೋಪುರವಿರುವ ಊರಿಗೆ ಕರೆದುಕೊಂಡು ಹೋದ. ಅಲ್ಲಿ ಅಂಗಡಿ ಅಂಗಡಿಯ ಮುಂದೆ ನಾಯಿಗೆ ನೀರಿನ ಬಟ್ಟಲು, ಚಹಾದಂಗಡಿಯ ಬಾಗಿಲಲ್ಲಿ ನಾಯಿಗೆ ಸ್ವಾಗತ ಎಂಬ ಬೋರ್ಡು, ಔಷಧದಂಗಡಿಯಲ್ಲೂ ಒಂದು ಚಾಪೆ.

“ಇದೊಳ್ಳೇ ಚೆನ್ನಾಯ್ತು,” ಎಂದೆ. “ಊರೆಲ್ಲ ನಾಯೀನ ಬಾ ಬಾ ಅಂತಿದೆ, ನಮ್ಮ ನಾಯಿ ಮಾತ್ರ ಜೊತೇಲಿಲ್ಲ. ಮದುಮಗನನ್ನ ಮನೇಲಿ ಬಿಟ್ಟು ದಿಬ್ಬಣ ಬಂದ ಹಾಗಾಯ್ತು.”

ತಮ್ಮ ಜೋರಾಗಿ ನಕ್ಕ. ಬಹಳ ಹೊತ್ತು ನಕ್ಕ.

ಆ ಸಂಜೆ ನನ್ನ ಕೋಣೆಯಲ್ಲಿ ಪದ್ಯ ಹೇಳಿ ಊಟ ಹಾಕಿದೆ. ಎರಡನೆಯ ಸಂಜೆ ಒಡತಿ ಬಂದು, “ಇವತ್ತು ಊಟಾನೂ ನಾನೇ ಹಾಕ್ತೀನಿ, ನೀವು ಕೂತ್ಕೊಳ್ಳಿ,” ಎಂದರು. ಅಂದು ನಾವು ಉಣ್ಣೆ ನೇಯುವವರ ಊರಿಗೆ ಹೋಗಿ ಬಂದಿದ್ದೆವು. ತಮ್ಮನ ಹೆಂಡತಿ ನನಗೊಂದು ಶಾಲು ಕೊಡಿಸಿದ್ದಳು. ಹೊದಿಸಿ, ತಾನು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಿದ್ದಳು. “ಯಾಕೇ, ಚಳೀನಾ? ನೀನೇ ಹೊದ್ದುಕೋ,” ಎಂದರೆ, “ಬೇಡ ಅಕ್ಕಾ, ನಿಮಗೇ ಇರಲಿ,” ಎಂದು ಮುಖ ತಿರುಗಿಸಿದ್ದಳು.

ಒಡತಿ ಬಟ್ಟಲಿಟ್ಟು ಕಾದರು. ದೊರೆ ಬಟ್ಟಲ ಮುಂದೆ ಕೂತು ಅವರ ಬಾಯಿಯನ್ನೇ ನೋಡಿತು. ಇವರು ತಲೆ ಸವರಿದರು, ಬಟ್ಟಲನ್ನು ಮೂತಿಯ ಹತ್ತಿರ ಸರಿಸಿದರು. ಅದು ನೋಡುತ್ತಲೇ ಇತ್ತು. “ಮೊದಮೊದಲು ಎಲ್ಲಾ ಹೀಗೇ,” ಎಂದು ಎದ್ದು ದೋಣಿ ಕಟ್ಟಲು ಹೋದರು. ನಾನು ಹಿತ್ತಲ ಜಗುಲಿಯಲ್ಲಿ ಕೂತು ದನಿ ತಗ್ಗಿಸಿ ಪದ್ಯ ಹೇಳಿದೆ. ಅವರು ಬರುವಷ್ಟರಲ್ಲಿ ಬಟ್ಟಲು ನೆಕ್ಕಿ ಆಗಿತ್ತು. “ನೋಡಿದ್ರಾ!” ಎಂದು ಅವರ ಮುಖ ಅರಳಿತು. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಮೂರನೆಯ ಸಂಜೆಯೂ ಅದೇ ಆಯಿತು. ಆಮೇಲೆ ಅವರು ದೊರೆಯ ಚಾಪೆ ಎತ್ತಿಕೊಂಡು, “ಒಲೆ ಹತ್ರ ಬೆಚ್ಚಗಿರತ್ತೆ, ಕಾಲೆಳೆಯೋ ನಾಯಿ ಅಲ್ವಾ,” ಎಂದು ಅಡುಗೆಮನೆಗೆ ಒಯ್ದರು. ಬೂಟು ಹಾಕಿಕೊಂಡವರೊಬ್ಬರು ನನ್ನ ಅಕ್ಷರವನ್ನು ಅಷ್ಟು ಶ್ರದ್ಧೆಯಿಂದ ಓದಿದ್ದಾರಲ್ಲ ಎಂದು ಹೆಮ್ಮೆಪಟ್ಟೆ.

ನಾಲ್ಕನೆಯ ದಿನ ಬೆಳಕು ಹರಿಯುವಾಗ ಎಚ್ಚರವಾಯಿತು. ಹಾಸಿಗೆಯಿಂದ ಕಾಲು ಇಳಿಬಿಟ್ಟು ಅದರ ಬೆನ್ನನ್ನು ಹುಡುಕಿದೆ. ಬರಿಯ ನೆಲ ತಣ್ಣಗೆ ತಾಗಿತು. ಎದ್ದು ಅಡುಗೆಮನೆಗೆ ಹೋದೆ.

ದೊರೆ ಆ ಮೂರು ಮುದಿ ನಾಯಿಗಳ ಪಕ್ಕದಲ್ಲಿ ಮಲಗಿತ್ತು. ಬಾಲ ಎರಡು ಸಲ ನೆಲಕ್ಕೆ ಬಡಿಯಿತು. ಒಲೆಯ ಪಕ್ಕದ ಗೋಡೆಗೆ ಹೊಡೆದ ಮೊಳೆಯಲ್ಲಿ ನನ್ನ ಕಾಗದ ತೂಗುತ್ತಿತ್ತು. ಅದರ ಹಿಂದೆ ಬೇರೆ ಬೇರೆ ಕೈಬರಹದ ಹಳೆಯ ಕಾಗದಗಳು: ‘ನಮ್ಮ ಚಿನ್ನುಗೆ ಗುಡುಗಿನ ಭಯ’, ‘ಇವನ ಬಲಗಣ್ಣು ಕಾಣದು’. ಎಲ್ಲಕ್ಕೂ ಮೇಲೆ, ರಟ್ಟಿಗೆ ಅಂಟಿಸಿದ ಅಚ್ಚಿನ ಹಾಳೆ.

‘ನಾಯಿಯನ್ನು ಇಲ್ಲಿಯೇ ಬಿಟ್ಟು ಹೋಗುವವರಿಗೆ. ನಾಲ್ಕು ದಿನ ಜೊತೆಗಿದ್ದು ಅಭ್ಯಾಸ ಮಾಡಿಸಬೇಕು. ಮೊದಲ ದಿನ ನಡಿಗೆ. ಎರಡನೆಯ ದಿನ ಊಟ. ಮೂರನೆಯ ದಿನ ಮಲಗುವ ಜಾಗ. ನಾಲ್ಕನೆಯ ದಿನ, ಹಿಂತಿರುಗಿ ನೋಡದೆ ಹೊರಡುವುದು.’

ನಾನು ಅದನ್ನು ಸಾಲಿಗೆ ಸಾಲು ಓದಿದೆ. ಮತ್ತೆ ಮೊದಲಿನಿಂದ ಓದಿದೆ. ಓದುವಾಗ ಕಿವಿಯಲ್ಲಿ ತಮ್ಮನ ದನಿ ಕೇಳುತ್ತಿತ್ತು, ಊಟದ ಮೇಜಿನ ಎದುರು, ಕೊಂಚ ಅವಸರದಲ್ಲಿ. ಹಾರಿದ ಸಾಲು ಸಿಕ್ಕಿತ್ತು.

ಒಡತಿ ಸೌದೆ ಹೊತ್ತು ಒಳಗೆ ಬಂದರು. ನಾನು ನಿಂತ ಜಾಗ ನೋಡಿ ಸೌದೆಯನ್ನು ಸದ್ದಿಲ್ಲದೆ ಇಳಿಸಿದರು. “ಹೊರಡೋ ಮುಂಚೆ ಎಲ್ಲರೂ ಇಲ್ಲಿಗೆ ಬಂದೇ ಬರ್ತಾರೆ. ಅತ್ತುಬಿಡಿ, ತಪ್ಪೇನಿಲ್ಲ. ಕಾರು ಹತ್ತಿದ ಮೇಲೆ ಮಾತ್ರ ತಿರುಗಿ ನೋಡ್ಬೇಡಿ. ನಾಯಿ ಓಡತ್ತೆ.”

“ನನಗೆ ಗೊತ್ತಿರಲಿಲ್ಲ,” ಎಂದೆ.

“ಏನು?”

“ಇದು.”

ಅವರು ನನ್ನನ್ನು ನೋಡಿದರು. ಆಮೇಲೆ ಅಚ್ಚಿನ ಹಾಳೆಯನ್ನು ನೋಡಿದರು. ಕುರ್ಚಿ ಎಳೆದುಕೊಂಡು ಕೂತರು. “ನಿಮ್ಮ ತಮ್ಮ ಫೋನಲ್ಲಿ ಹೇಳಿದ್ದು, ನಾಯಿಯ ಯಜಮಾನರು ತೀರಿಕೊಂಡ್ರು, ನೋಡ್ಕೊಳ್ಳೋರು ಯಾರೂ ಇಲ್ಲ ಅಂತ. ಅಕ್ಕ ಬರ್ತಾಳೆ, ತುಂಬಾ ಹಚ್ಚಿಕೊಂಡಿದ್ದಾಳೆ, ಅವಳ ಮುಂದೆ ಈ ಮಾತೆತ್ತಬೇಡಿ, ಅಳ್ತಾಳೆ ಅಂತ. ನಾನು ಬಾಯಿಗೆ ಬೀಗ ಹಾಕ್ಕೊಂಡೆ.”

ಯಜಮಾನರು ತೀರಿಕೊಂಡದ್ದು ನಿಜ. ಅಕ್ಕ ಹಚ್ಚಿಕೊಂಡದ್ದೂ ನಿಜ. ಹೇಳಿದ ಒಂದೊಂದು ಸಾಲಿನಲ್ಲೂ ತಪ್ಪು ಹುಡುಕಲು ಹೋದರೆ ಸಿಗುವುದು ಕಷ್ಟ. ನೋಡಿಕೊಳ್ಳುವವರು ಯಾರೂ ಇಲ್ಲ ಎಂಬಲ್ಲಿ ನನ್ನನ್ನು ಅಳಿಸಿದ್ದ, ಅಷ್ಟೆ.

ನನ್ನ ಕಾಗದವನ್ನು ಮೊಳೆಯಿಂದ ಬಿಡಿಸಿಕೊಂಡು ಹೊರಗೆ ಬಂದೆ. ತಮ್ಮ ಕಾರಿನ ಗಾಜು ಒರೆಸುತ್ತಿದ್ದ. ಅಂಗಡಿಯಲ್ಲಿ ಕನ್ನಡಕ ಒರೆಸುವ ಹಾಗೇ, ಬಾಯಿಯ ಆವಿ ಬಿಟ್ಟು. ನನ್ನನ್ನು ಕಂಡು, “ಏನಕ್ಕಾ, ಇಷ್ಟು ಬೇಗ ಎದ್ದೆ! ದೊರೆಗಳು...” ಎಂದವನು ನನ್ನ ಕೈಯಲ್ಲಿ ಕಾಗದ ಕಂಡು ಬಟ್ಟೆ ಕೆಳಗಿಟ್ಟ.

“ಇದನ್ನ ನನ್ನ ಕೈಲೇ ಬರೆಸಿದೆಯಲ್ಲೋ.”

“ಅಕ್ಕಾ...”

“ನನ್ನ ಅಕ್ಷರ ಮುತ್ತಿನ ಹಾಗಿದೆ ಅಂದೆ.”

“ಅಕ್ಕಾ, ಇಲ್ಲಿ ಕೇಳು. ಒಳ್ಳೇ ಜಾಗ. ಆರು ಕಡೆ ನೋಡಿ ಆರಿಸಿದೆ. ಬೀದೀಲಿ ಬಿಟ್ಟು ಹೋಗ್ತಿದ್ದೀನಾ? ನಿನ್ನನ್ನೂ ಇಲ್ಲೀವರೆಗೂ ಕರ್ಕೊಂಡು ಬಂದೆ, ನಾಲ್ಕು ದಿನ ಅದರ ಜೊತೆ ಸಂತೋಷವಾಗಿ ಇರ್ಲಿ ಅಂತಾನೇ. ಇವಳಿಗೆ ನಾಯಿ ಅಂದ್ರೆ ಎದೆ ಹೊಡ್ಕೊಳ್ಳತ್ತೆ. ಪಾಪು ಬಂದ್ಮೇಲೆ ದಿನಾ ಹೆದರ್ಕೊಂಡು ಬದುಕೋಕಾಗತ್ತಾ?”

“ಆಗಲ್ಲ. ಕೇಳಬಹುದಿತ್ತಲ್ಲ.”

“ಕೇಳಿದ್ರೆ?” ಅವನ ದನಿ ಏರಿತು. “ಕೇಳಿದ್ರೆ ನೀನು ಹೂಂ ಅಂತಿದ್ದೆ. ಅದೇ ನನಗೆ ಭಯ. ಬೈತಿದ್ರೆ ಬೈಸ್ಕೋತಿದ್ದೆ. ನೀನು ಬೈಯೋಳಲ್ಲ. ಹೂಂ ಅಂದು, ಒಳಗೆ ಹೋಗಿ ಬಾಗಿಲು ಹಾಕ್ಕೊಂಡು, ಮಾರನೇ ದಿನ ನಗ್ತಾ ಬಂದು ಚಹಾ ಕೊಡ್ತಿದ್ದೆ. ಅದನ್ನ ನೋಡೋ ಧೈರ್ಯ ನನಗಿರ್ಲಿಲ್ಲ.”

ಅವನು ಹೇಳಿದ್ದು ಸರಿ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ. ಹುಟ್ಟುವ ಕೂಸಿಗಾಗಿ, ಅವಳ ಮೊಣಕಾಲಿನ ಆ ಹೊಲಿಗೆಗಾಗಿ ಕೊಡುತ್ತಿದ್ದೆ. ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನ ಹೊಟ್ಟೆಯೊಳಗಿನದು ಇವನಿಗೆ ಇಷ್ಟು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ, ಆ ಹೂಂ ಎನ್ನುವ ಒಂದು ಮಾತನ್ನೂ ನನ್ನಿಂದ ಕಿತ್ತುಕೊಂಡಿದ್ದ. ಎಲ್ಲಕ್ಕಿಂತ ಅದೇ ಚುಚ್ಚಿತು.

“ಮತ್ತೆ ಮನೆಗೆ ಹೋದ ಮೇಲೆ ಏನು ಹೇಳ್ಬೇಕು ಅಂತಿದ್ದೆ?”

“ದಾರೀಲಿ ಹೇಳೋಣ ಅಂತ. ನಿಧಾನವಾಗಿ.”

“ಯಾವ ದಾರೀಲೋ? ಕಾರಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರ್ತಿತ್ತಲ್ಲ.”

ಅವನು ಬೆಟ್ಟದ ಕಡೆ ನೋಡಿದ. ಜಗುಲಿಯ ಮೇಲೆ ಅವನ ಹೆಂಡತಿ ಕಂಬ ಹಿಡಿದು ನಿಂತಿದ್ದಳು, ಯಾವಾಗ ಬಂದಳೋ. “ನಾನು ಹೇಳ್ಬಿಡಿ ಅಂದೆ ಅಕ್ಕಾ,” ಎಂದಳು. “ದಿನಾ ಅಂದೆ. ನನ್ನಾಣೆ.”

“ನಿನ್ನ ಬಾಯಿ ಇತ್ತಲ್ಲಮ್ಮಾ,” ಎಂದೆ. “ಶಾಲು ಹೊದಿಸೋ ಬದಲು ಒಂದು ಮಾತು ಹೇಳಬಹುದಿತ್ತು.”

ಶಾಲು ಮೈಮೇಲೇ ಇತ್ತು. ತೆಗೆದು ಜಗುಲಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದೆ. ಮಡಚಿಯೇ ಇಟ್ಟೆ, ಎಸೆಯುವುದು ನನಗೆ ಬರುವುದಿಲ್ಲ.

ಒಡತಿ ಕೂತಲ್ಲೇ ಇದ್ದರು. ನಾನು ಅವರೆದುರು ಕಾಗದವಿಟ್ಟೆ. “ಇದರಲ್ಲಿ ಒಂದು ಸಾಲು ಬಿಟ್ಟಿದ್ದೀನಿ. ನಾನೇ ಬಿಟ್ಟಿದ್ದು.” ಬಟ್ಟಲಿನ ವಿಷಯ ಹೇಳಿದೆ. ಮೊನ್ನೆಯೂ ನಿನ್ನೆಯೂ ಅದು ಯಾವ ದನಿಗೆ ತಿಂದಿತು ಎಂಬುದನ್ನೂ ಹೇಳಿದೆ.

ಅವರು ನಗಲಿಲ್ಲ. ದೊರೆಯ ಕಡೆ ನೋಡಿ, “ನಾನು ತಿನ್ನಿಸಿದೆ ಅಂತ ಹಿಗ್ಗಿದ್ದೆ,” ಎಂದರು. ಆಮೇಲೆ, “ಕಷ್ಟದ ಪದ್ಯವೇ?”

“ಆರು ಸಾಲು.”

“ಆರು ಸಾಲು ನಾನೂ ಕಲೀಬಲ್ಲೆ. ಅಥವಾ ನೀವು ಹೇಳಿ ಒಂದ್ಸಲ ಫೋನಿಗೆ ಹಿಡಿದುಕೊಡಿ, ದಿನಾ ಹಾಕ್ತೀನಿ. ನಾಯಿಗೆ ಹಸಿವು ಮಾತ್ರ ಆಗಕೂಡದು. ಇಲ್ಲ, ಬೇಡ ಅನ್ನಿ, ಈಗಲೇ ಹಗ್ಗ ತಂದುಕೊಡ್ತೀನಿ. ನಿಮ್ಮನ್ನ ಕೇಳದೆ ಇಲ್ಲಿ ಇನ್ನು ಏನೂ ನಡೆಯಲ್ಲ.”

ನಾಲ್ಕು ದಿನದಲ್ಲಿ ಮೊದಲ ಸಲ ಯಾರೋ ನನ್ನನ್ನು ಕೇಳಿದ್ದರು. ಕೇಳಿದವರು ಹೊರಗಿನವರು.

ಒಲೆಯ ಕಡೆ ನೋಡಿದೆ. ಅಲ್ಲಿ ಬೆಚ್ಚಗಿತ್ತು. ದೊರೆಯ ಎಡಗಾಲು ಸುಖವಾಗಿ ಚಾಚಿತ್ತು. ನನ್ನ ಕೋಣೆಗಿಂತ ಇದು ಒಳ್ಳೆಯ ಜಾಗ ಎಂಬುದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಹೂಂ ಎನ್ನುವ ಮಾತು ಹಳೆಯ ಅಭ್ಯಾಸದಂತೆ ಗಂಟಲವರೆಗೆ ಬಂದಿತ್ತು. ಆರು ಸಾಲು ಹೇಳಿ ಮುದ್ರಿಸಿಕೊಟ್ಟರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಇಪ್ಪತ್ತಾರು ವರ್ಷ ದನಿಗಳ ನಡುವೆ ಬದುಕಿದವಳು ನಾನು. ಆಳು ಇಲ್ಲದ ದನಿ ಎಂದರೆ ಏನು ಎಂದು ನನಗೆ ಗೊತ್ತು. ಅದರ ಮುಂದೆ ಬಟ್ಟಲಿಟ್ಟುಕೊಂಡು, ಬಾಯಿ ಎಲ್ಲಿದೆ ಎಂದು ಈ ನಾಯಿ ದಿನವೂ ಹುಡುಕುತ್ತಿತ್ತು.

ಚೀಲದಿಂದ ಪೆನ್ಸಿಲ್ ತೆಗೆದೆ. ಆ ಅಚ್ಚಿನ ಹಾಳೆಯ ಅಂಚಿನಲ್ಲಿ, ‘ನಾಯಿಯನ್ನು ಇಲ್ಲಿಯೇ ಬಿಟ್ಟು ಹೋಗುವವರಿಗೆ’ ಎಂಬ ಸಾಲಿನ ಎದುರು, ಒಂದು ಸೊನ್ನೆ ಹಾಕಿದೆ. ತಡವಾಗಿ ಹಾಕಿದ ಸೊನ್ನೆ. ನನ್ನ ಕಾಗದವನ್ನು ಮಡಚಿ ಚೀಲಕ್ಕೆ ಸೇರಿಸಿದೆ.

“ಕೊಡಲ್ಲ,” ಎಂದೆ.

ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ತಿಳಿದಿರಲಿಲ್ಲ. ಒಲೆಯ ಬಳಿಯ ನಾಲ್ಕೂ ನಾಯಿಗಳು ತಲೆಯೆತ್ತಿದವು. ಒಡತಿ ಎದ್ದು ಕೊಕ್ಕೆಯಿಂದ ಹಗ್ಗ ತಂದುಕೊಟ್ಟರು. “ಫೋಟೋಗೆ ಜಾಗ ಮಾಡಿಟ್ಟಿದ್ದೆ,” ಎಂದರು. “ಪರವಾಗಿಲ್ಲ, ಖಾಲಿ ಇರ್ಲಿ.”

ಮಧ್ಯಾಹ್ನ ಹೊರಡುವಾಗ ನಾನು ತಿರುಗಿ ನೋಡಿದೆ. ಅವರು ದಂಡೆಯಲ್ಲಿ ನಿಂತು ಕೈ ಎತ್ತಿದರು.

ಕಾರಿನಲ್ಲಿ ಬಹಳ ದೂರ ಬಂದ ಮೇಲೆ ಕೊನೆಗೆ ನಾನೇ ಹೇಳಿದೆ: “ಹೆರಿಗೆಗೆ ಮುಂಚೆ ನಾನು ಬೇರೆ ಕಡೆ ಒಂದು ಕೋಣೆ ನೋಡ್ಕೋತೀನಿ. ಸಂಸ್ಥೆ ಹತ್ರ ಸಿಗತ್ತೆ. ಕೂಸು ಬಂದ ಮೇಲೆ ಕೆಲಸಕ್ಕೆ ಕರೀರಿ, ಬರ್ತೀನಿ. ದೊರೇನ ಅಲ್ಲೇ ಬಿಟ್ಟು ಬರ್ತೀನಿ.” ತಮ್ಮನ ಹೆಂಡತಿ ಮುಖ ಮುಚ್ಚಿಕೊಂಡು ಅತ್ತಳು. ತಮ್ಮ ಕನ್ನಡಿಯಲ್ಲಿ ನನ್ನನ್ನು ಹುಡುಕಿದ. “ಪ್ರಜೆಗಳನ್ನ ಬಿಟ್ಟು ದೊರೆಗಳು ಹೊರಟೇ ಬಿಟ್ಟರಾ,” ಎಂದ. ತಮಾಷೆಯ ಮಾತು, ದನಿ ಮಾತ್ರ ಒಡೆದಿತ್ತು. ಅವನು ಮಾತು ಕಲಿತಾಗಿನಿಂದ ಅವನ ತಮಾಷೆಗೆ ನಕ್ಕವಳು ನಾನು. ಆ ಸಲ ಕಿಟಕಿಯ ಗಾಜು ಇಳಿಸಿದೆ.

ಸರೋವರದ ನೀರು ಹೊರಬೀಳುವ ಕೊನೆಯ ಊರಿನಲ್ಲಿ, ನದಿಯ ಪಕ್ಕದ ಹುಲ್ಲುಬಯಲಿನಲ್ಲಿ ತಮ್ಮ ಕಾರು ನಿಲ್ಲಿಸಿದ. ಸಂಜೆಯಾಗಿತ್ತು. ಕಟ್ಟಿಕೊಂಡು ತಂದ ಅನ್ನ ಮೊಟ್ಟೆಯನ್ನು ಬಟ್ಟಲಿಗೆ ಹಾಕಿ ನಾನು ಹುಲ್ಲಿನ ಮೇಲೆ ಕೂತೆ. ದೊರೆ ಎದುರು ಕೂತು ನನ್ನ ಬಾಯಿ ನೋಡಿತು. ಮೊದಲ ಸಾಲು ಎತ್ತಿದೆ. ಮೂರಕ್ಕೆ ಉಸಿರೆಳೆದೆ. ನಾಲ್ಕು, ಐದು.

ಹಿಂದೆ ಹುಲ್ಲಿನಲ್ಲಿ ಹೆಜ್ಜೆಯ ಸದ್ದು ನಿಂತಿತು. ಎಲ್ಲಿ ನಿಂತಿದ್ದಾನೆ, ಹೇಗೆ ನಿಂತಿದ್ದಾನೆ, ನೋಡದೆಯೇ ತಿಳಿಯಿತು. ಆರನೆಯ ಸಾಲಿಗೆ ಅವನು ಉಸಿರು ತುಂಬಿಕೊಳ್ಳುವ ಸದ್ದು ನನಗೆ ಎಂದಿನಿಂದಲೂ ಗೊತ್ತು. ಗೋಡೆಯಾಚೆಯಿಂದ ಬಂದಾಗ ನನ್ನ ದಿನವನ್ನೆಲ್ಲ ತುಂಬುತ್ತಿದ್ದ ಸದ್ದು ಅದು.

ನಾನು ಅಲ್ಲೇ ನಿಲ್ಲಿಸಿದೆ.

ದೊರೆ ಕಾಯಿತು. ಅವನೂ ಕಾದ. ಅಪ್ಪ ಹೀಗೆ ನಿಲ್ಲಿಸಿದರೆ ಅದು ಅವನನ್ನು ಕರೆದ ಹಾಗೆ. ನಾನು ನಿಲ್ಲಿಸಿದ್ದು ಅದಕ್ಕಲ್ಲ ಎಂದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತುಂಬಿಕೊಂಡ ಉಸಿರು ದನಿಯಿಲ್ಲದೆ ಹೊರಗೆ ಹೋಯಿತು. ಹೆಜ್ಜೆಗಳು ಕಾರಿನ ಕಡೆ ತಿರುಗಿದವು. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು ಕೇಳಿದೆ. ಗಾಜು ಏರಿಸಿದ ಸದ್ದನ್ನೂ ಕೇಳಿದೆ.

ಆಮೇಲೆ ಬಾಗಿ, ಆ ಮಡಚಿದ ಕಿವಿಯ ಹತ್ತಿರ ಬಾಯಿ ತಂದು, ಅದಕ್ಕಷ್ಟೇ ಕೇಳಿಸುವ ಹಾಗೆ ಆರನೆಯ ಸಾಲನ್ನು ಹೇಳಿ ಮುಗಿಸಿದೆ. ದೊರೆ ಬಟ್ಟಲಿಗೆ ಬಾಯಿ ಹಾಕಿತು.